ಪಟ್ಟಿಯಲ್ಲಿಲ್ಲದ ಬನಿಯನ್

ಪಟ್ಟಿ ಫ್ಯಾಕ್ಸಿನಲ್ಲಿ ಬಂತು. ಎರಡು ಹಾಳೆ, ಎಡಗಡೆ ಟಿಕ್ ಹಾಕಲು ಚೌಕಗಳು. ಕಳಿಸಿದವರು ನಮ್ಮನ್ನು ಬೆಟ್ಟಕ್ಕೆ ಕರೆದೊಯ್ಯಬೇಕಿದ್ದ ಗೈಡ್. ಜರ್ಮನಿಯ ದಕ್ಷಿಣ ತುದಿಯ ಒಂದು ಹಳ್ಳಿಯ ಹೆಂಗಸು, ಐವತ್ತರ ಹತ್ತಿರದ ವಯಸ್ಸು, ಫೋನಿನಲ್ಲಿ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡಿದವರಲ್ಲ. ಹಾಳೆಯ ನೆತ್ತಿಯ ಮೇಲೆ ಕೈಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು: ಹತ್ತಿ ಬೇಡ.

ನಮಗೆ ಬೆಟ್ಟ ಹತ್ತುವ ಹುಚ್ಚೇನೂ ಇರಲಿಲ್ಲ. ಅದೇ ದೇಶದ ಎರ್ಲಾಂಗೆನ್ ಪಟ್ಟಣದ ನಮ್ಮ ಚಿಕ್ಕ ಕಂಪನಿ ಹವಾಮಾನ ಅಳೆಯುವ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಅಂಥದೊಂದು ಪೆಟ್ಟಿಗೆ ಆ ಹಳ್ಳಿಯ ಮೇಲಿನ ಬೆಟ್ಟದ ಏಣಿನಲ್ಲಿ, ಎರಡು ಇಳಿಜಾರು ಕೂಡುವ ಚೂಪು ಬೆನ್ನಿನ ಮೇಲೆ, ಕಂಬಕ್ಕೆ ಕಟ್ಟಿಕೊಂಡು ಕೂತಿತ್ತು. ಗಾಳಿಯ ವೇಗವನ್ನು ಹತ್ತು ನಿಮಿಷಕ್ಕೊಮ್ಮೆ ಕೆಳಗೆ ಕಳಿಸುವುದು ಅದರ ಕೆಲಸ. ಗಾಳಿ ಜೋರಾದರೆ ಹಿಮ ಒಂದು ಕಡೆ ಗುಡ್ಡೆ ಬಿದ್ದು ರಸ್ತೆಯ ಮೇಲೆ ಜಾರುತ್ತದೆ. ಹಾಗಾಗಿ ಊರಿನ ಸಮಿತಿಯವರು ದಿನಾ ಬೆಳಿಗ್ಗೆ ಆ ಅಂಕಿ ನೋಡಿ ರಸ್ತೆ ತೆರೆಯುವುದೋ ಮುಚ್ಚುವುದೋ ಎಂದು ನಿರ್ಧರಿಸುತ್ತಿದ್ದರು. ನಾಲ್ಕು ದಿನದಿಂದ ಅಂಕಿ ಒಂದೇ ಕಡೆ ನಿಂತುಬಿಟ್ಟಿತ್ತು. ಹೊರಗೆ ಬಿರುಗಾಳಿ ಬೀಸಲಿ, ಎಲೆ ಅಲುಗದಿರಲಿ, ಪೆಟ್ಟಿಗೆ ಅದೇ ಸುಳ್ಳು ಹೇಳುತ್ತಿತ್ತು. ತಪ್ಪು ನಮ್ಮ ಪ್ರೋಗ್ರಾಮಿನಲ್ಲಿತ್ತು. ಅದನ್ನು ಬರೆದವರು ಇಬ್ಬರು. ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಧಾರವಾಡದಿಂದ ಬಂದ ನಾನು, ನನ್ನ ಹಿಂದೆಯೇ ಬಂದು ನನ್ನ ಕೈಕೆಳಗೆ ಸೇರಿದ ಬಿಜಾಪುರದವನು. ಫೋನ್ ಲೈನಿನಲ್ಲಿ ರಿಪೇರಿ ಆಗುವ ಹಾಗಿರಲಿಲ್ಲ. ಲ್ಯಾಪ್‌ಟಾಪು, ಕೇಬಲ್ಲು ಹಿಡಿದು ಯಾರಾದರೂ ಮೇಲೆ ಹೋಗಬೇಕಿತ್ತು. ಮಾರ್ಕ್ ಹೋಗಿ ಯೂರೋ ಬಂದು ಒಂದು ವರ್ಷವಾಗಿದ್ದ ಜನವರಿ ಅದು.

ಎರ್ಲಾಂಗೆನ್ನಿನ ಅಂಗಡಿಯಲ್ಲಿ ಕಂಪನಿಯ ಹೆಸರಿಗೆ ಎಲ್ಲ ಕೊಂಡೆವು. ಪಟ್ಟಿಯ ತರ್ಕ ಸರಳವಾಗಿತ್ತು. ಮೈಗೆ ತಾಗುವ ಪಾಲಿಯೆಸ್ಟರ್ ಒಳಂಗಿ ಬೆವರನ್ನು ಹೊರಗೆ ದಾಟಿಸುತ್ತದೆ (ಹತ್ತಿಯಾದರೆ ಅದನ್ನು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ), ಅದರ ಮೇಲಿನ ಫ್ಲೀಸ್ ಶಾಖ ಹಿಡಿದಿಡುತ್ತದೆ, ಹೊರಗಿನ ತೆಳ್ಳನೆಯ ಜಾಕೆಟ್ಟು ಗಾಳಿ ತಡೆಯುತ್ತದೆ. ನಿಂತಾಗ ಮಾತ್ರ ಹಾಕಿಕೊಳ್ಳಲು ಪುಕ್ಕ ತುಂಬಿದ ದಪ್ಪ ಕೋಟು. ಕೈಗೆ ತೆಳು ಗ್ಲೌಸು, ಅದರ ಮೇಲೆ ದಪ್ಪ ಗ್ಲೌಸು, ಚೀಲದಲ್ಲಿ ಇನ್ನೊಂದು ಜೊತೆ. ಬೂಟಿನೊಳಗೆ ಹಿಮ ನುಗ್ಗದಂತೆ ಮೊಣಕಾಲಿನವರೆಗೆ ಗೇಟರು. ಹಿಮದಡಿ ಹೂತುಹೋದರೆ ಹುಡುಕಲು ಎದೆಗೆ ಕಟ್ಟಿಕೊಳ್ಳುವ ಬೀಕನ್, ಸಲಿಕೆ, ಉದ್ದನೆಯ ಸರಳು. ಬಿಜಾಪುರದವನು ಇವನ್ನೆಲ್ಲ ಮದುವೆ ಜವಳಿಯಂತೆ ಮುಟ್ಟಿ ಮುಟ್ಟಿ ನೋಡಿದ. ಎರ್ಲಾಂಗೆನ್ನಿನ ಚಳಿಯೇ ಅವನಿಗೆ ಹೆಚ್ಚಾಗಿತ್ತು. ಎರಡು ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಸೈಕಲ್ ಹೊಡೆದು ಆಫೀಸಿಗೆ ಬರುತ್ತಿದ್ದವನು.

ಹಿಂದಿನ ದಿನ ಸಂಜೆ ಹಳ್ಳಿಯ ಗೆಸ್ಟ್ ಹೌಸಿನಲ್ಲಿ ಎಲ್ಲವನ್ನೂ ಹಾಸಿಗೆಯ ಮೇಲೆ ಹರವಿದೆವು. ನಾನು ಪಟ್ಟಿ ಓದುತ್ತ ಹೋದೆ, ಅವನು ಒಂದೊಂದನ್ನೇ ಎತ್ತಿ ತೋರಿಸಿದ, ನಾನು ಟಿಕ್ ಹಾಕಿದೆ. ಹಾಳೆಯ ನೆತ್ತಿಯ ಮೇಲಿನ ಬರಹಕ್ಕೆ ಚೌಕ ಇರಲಿಲ್ಲ. ಆದರೂ ಅದರ ಪಕ್ಕ ಒಂದು ಟಿಕ್ ಹಾಕಿ, ಕೊನೆಯಲ್ಲಿ ‘ಪರೀಕ್ಷಿಸಿದವರು’ ಎಂಬಲ್ಲಿ ಸಹಿ ಮಾಡಿದೆ. ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಿ ಹಾಕಿ ಕೈ ಪಳಗಿದ್ದ ಮನುಷ್ಯ ನಾನು.

ಬೆಳಿಗ್ಗೆ ಹೊಸ ಒಳಂಗಿ ಹಾಕಿಕೊಳ್ಳಲು ಹೋದರೆ ಒಂದು ಸೈಜು ಚಿಕ್ಕದು. ಬನಿಯನ್ನಿನ ಮೇಲೆ ಇಳಿಯಲೇ ಇಲ್ಲ. ಬೈದುಕೊಂಡು ಬನಿಯನ್ ಕಿತ್ತು ಹಾಸಿಗೆಯ ಮೇಲೆ ಎಸೆದೆ. ಪಕ್ಕದ ಕೋಣೆಯಲ್ಲಿ ಬಿಜಾಪುರದವನೂ ಬಟ್ಟೆ ಹಾಕಿಕೊಳ್ಳುತ್ತಿದ್ದ. ಅವನ ಮೈಮೇಲೂ ಒಂದು ಇರುತ್ತದೆಂದು ನನಗೆ ಹೊಳೆಯಲಿಲ್ಲ. ಬನಿಯನ್ ನಮ್ಮ ಕಡೆ ಬಟ್ಟೆಯ ಲೆಕ್ಕಕ್ಕೇ ಬರುವುದಿಲ್ಲ. ಸ್ನಾನವಾದ ಮೇಲೆ ಕೈ ತಾನಾಗಿ ಅದನ್ನು ತಲೆಯ ಮೇಲಿಂದ ಇಳಿಸುತ್ತದೆ, ಅದಿಲ್ಲದೆ ಅಂಗಿ ತೊಟ್ಟರೆ ಬತ್ತಲೆ ನಿಂತ ಹಾಗೆ ಅನ್ನಿಸುತ್ತದೆ.

ಕಾರು ನಿಲ್ಲಿಸುವ ಜಾಗದಲ್ಲಿ ಗೈಡ್ ಮೊದಲು ನಮ್ಮ ಬೀಕನ್‌ಗಳ ಸದ್ದು ಬರುತ್ತದೆಯೇ ಎಂದು ನೋಡಿದರು. ಆಮೇಲೆ ತಮ್ಮ ಕುತ್ತಿಗೆಯ ಬಳಿ ಜಿಪ್ ಎಳೆದು ಒಳಂಗಿ ತೋರಿಸಿ, “ಒಳಗೆ ಹತ್ತಿ ಇಲ್ಲ ತಾನೆ? ತೋರಿಸಿ” ಎಂದರು. ನಾನು ನನ್ನದನ್ನು ತೋರಿಸಿದೆ. ಬಿಜಾಪುರದವನು ಕತ್ತಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದ. ಗುರುತಿಲ್ಲದ ಹೆಂಗಸಿನ ಎದುರು ಎದೆ ಬಿಚ್ಚಬೇಕಲ್ಲ ಎಂಬ ಸಂಕೋಚ. ನನಗೂ ಹಾಗೇ ಅನ್ನಿಸಿತು.

“ಅವನದು ನಾನೇ ನೋಡಿದ್ದೇನೆ” ಎಂದೆ. “ಹತ್ತಿ ಇಲ್ಲ.”

ಗೈಡ್ ನನ್ನ ಮುಖವನ್ನು ಒಂದು ಕ್ಷಣ ನೋಡಿ ನಡೆಯತೊಡಗಿದರು.

ಹೊರಡುವಾಗ ಚಳಿ ಆಗಬೇಕು, ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಯಿತು ಎಂದು ಅವರು ಹೇಳಿದ್ದರು. ಬಿಜಾಪುರದವನು ದಪ್ಪ ಕೋಟು ತೊಟ್ಟೇ ಹೊರಟಿದ್ದ. ಗೈಡ್ ಅದನ್ನು ಬಿಚ್ಚಿಸಿ ಚೀಲಕ್ಕೆ ಹಾಕಿಸಿದರು. ಮುಂದಿನ ತಿರುವಿನಲ್ಲಿ ಅವರು ಕಣ್ಮರೆಯಾದ ಕೂಡಲೇ ಅವನು ಕೋಟು ತೆಗೆದು ಮತ್ತೆ ತೊಟ್ಟ.

“ಲೇ, ಬ್ಯಾಡ ಅಂದಾರಲ್ಲ ಅವರು” ಎಂದೆ.

“ಅಣ್ಣಾರ, ಅವರು ಹಿಮದಾಗs ಹುಟ್ಟಿದವರು. ನಾವು ಜೋಳದ ಹೊಲದಾಗಿನವರು. ಇಬ್ಬರಿಗೂ ಒಂದs ರೂಲ್ ಹ್ಯಾಂಗ್ರಿ?”

ನನಗೆ ನಗು ಬಂತು. ನಕ್ಕು ಸುಮ್ಮನಾದೆ. ಎರಡು ತಾಸು ಕಾಡಿನ ಏರು. ಹಿಮದಲ್ಲಿ ಹುಗಿಯದ ಅಗಲ ಸ್ನೋ ಶೂ ಕಟ್ಟಿಕೊಂಡು, ಕಾಲು ಅಗಲಿಸಿ ಬಾತುಕೋಳಿ ನಡಿಗೆ. ಅವನ ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. ಕಾಡು ಮುಗಿಯುವ ಮೊದಲೇ ಗೈಡ್ ಹಿಂತಿರುಗಿ ನೋಡಿ ಕೋಟನ್ನು ಕಂಡರು. ಬಂದು ಅದನ್ನು ಅವನ ಮೈಯಿಂದ ಎಳೆದು ತೆಗೆದು ತಮ್ಮ ಚೀಲದ ಮೇಲೆ ಕಟ್ಟಿಕೊಂಡರು. ಅಷ್ಟರಲ್ಲಿ ಅವನ ಒಳಬಟ್ಟೆಯೆಲ್ಲ ಬೆವರಿನಲ್ಲಿ ನೆನೆದುಹೋಗಿತ್ತು.

ಮರಗಳು ಮುಗಿದಲ್ಲಿ ಗಾಳಿ ನಮ್ಮನ್ನು ಹಿಡಿಯಿತು. ಗಾಳಿ ಬೀಸಿತು ಎಂದರೆ ಸಾಲದು. ಅದು ಹೊಡೆಯಿತು. ಒಂದು ಏಟು, ನಾವು ಸಾವರಿಸಿಕೊಳ್ಳುವಷ್ಟು ಬಿಡುವು, ಮತ್ತೊಂದು ಏಟು. ಹಿಮದ ಹರಳು ಕೆನ್ನೆಗೆ ಮರಳಿನಂತೆ ಬಡಿಯುತ್ತಿತ್ತು. ಸ್ನೋ ಶೂ ಬಿಚ್ಚಿ ಬೂಟಿಗೆ ಮುಳ್ಳಿನ ಕ್ರಾಂಪಾನ್ ಕಟ್ಟಿದೆವು. ಏಣಿನ ಮೇಲೆ ಎರಡು ಸಲ ನಾನು ಮಂಡಿಯೂರಿ ಬಿದ್ದೆ. ಹನ್ನೊಂದು ಗಂಟೆಗೆ ಕಂಬ ಸಿಕ್ಕಿತು. ಕಾದ ಎಣ್ಣೆಯಲ್ಲಿ ಸಂಡಿಗೆ ಅರಳಿದಂತೆ ಬಿಳಿ ಮಂಜುಗಡ್ಡೆ ಅದರ ಸುತ್ತ ಅರಳಿ ನಿಂತು ಪೆಟ್ಟಿಗೆ ಕಾಣಿಸುತ್ತಲೇ ಇರಲಿಲ್ಲ. ಗೈಡ್ ಐಸ್ ಕೊಡಲಿಯ ಹಿಂಬದಿಯಿಂದ ಹೊಡೆಯತೊಡಗಿದರು. ಒಡೆದ ಚೂರುಗಳನ್ನು ಗಾಳಿ ನಮ್ಮ ಮುಖಕ್ಕೇ ಎಸೆಯಿತು. ಒಂದು ಚೂರು ನನ್ನ ಹುಬ್ಬು ಸೀಳಿತು. ರಕ್ತ ಕಣ್ಣಿಗೆ ಇಳಿಯುವ ಮೊದಲೇ ರೆಪ್ಪೆಯ ಮೇಲೆ ಹೆಪ್ಪುಗಟ್ಟಿತು.

“ಹನ್ನೆರಡಕ್ಕೆ ಹೊರಡುತ್ತೇವೆ” ಎಂದು ಗೈಡ್ ನನ್ನ ಕಿವಿಗೆ ಬಾಯಿಟ್ಟು ಕೂಗಿದರು. “ಮೋಡ ಮಧ್ಯಾಹ್ನ ಮೂರಕ್ಕೆ ಬರಬೇಕಿತ್ತು. ಈಗಲೇ ಬಂದಿದೆ.”

ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಹೊಟ್ಟೆಯ ಬಳಿ ಕಟ್ಟಿಕೊಂಡು ತಂದಿದ್ದೆ. ಅದನ್ನು ಕೂರಿಸಿ, ಲ್ಯಾಪ್‌ಟಾಪನ್ನು ಗಾಳಿ ಎತ್ತೊಯ್ಯದಂತೆ ಎರಡೂ ಕೈಯಲ್ಲಿ ಹಿಡಿದು, ಪೆಟ್ಟಿಗೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಬಿಜಾಪುರದವನ ಕೆಲಸ ಪೆಟ್ಟಿಗೆ ಬಿಚ್ಚಿ ಕೇಬಲ್ ಸಿಕ್ಕಿಸುವುದು. ನಾಲ್ಕು ಚಿಕ್ಕ ಸ್ಕ್ರೂಗಳು. ದಪ್ಪ ಗ್ಲೌಸಿನಲ್ಲಿ ಹಿಡಿಯಲು ಆಗದೆ ತೆಳು ಗ್ಲೌಸಿನಲ್ಲೇ ಬಿಚ್ಚಿದ. ಆ ತೆಳು ಗ್ಲೌಸು ಬೆವರಿನಿಂದ ಒದ್ದೆಯಾಗಿ ಆಗಲೇ ರಟ್ಟಿನಂತಾಗಿತ್ತು. ಕೇಬಲ್ ಕೂತಿತು. ಹೊಸ ಪ್ರೋಗ್ರಾಮ್ ಇಳಿಯತೊಡಗಿತು. ಹದಿನೆಂಟು ನಿಮಿಷ ಬೇಕು ಎಂದು ಪರದೆ ಹೇಳಿತು. ನಡುವೆ ತುಂಡಾದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಪೆಟ್ಟಿಗೆ ಪೂರ್ತಿ ಸಾಯುತ್ತದೆ.

ನಾನು ಪರದೆಯನ್ನು ನೋಡುತ್ತಿದ್ದೆ. ಪಕ್ಕದಲ್ಲಿ ಅವನು ಗಡಗಡ ನಡುಗುತ್ತಿದ್ದದ್ದು ಭುಜಕ್ಕೆ ತಾಗುತ್ತಿತ್ತು. ಗೈಡ್ ಅವನಿಗೆ ದಪ್ಪ ಕೋಟು ತೊಡಿಸಿದರು. ಅರವತ್ತು ಪರ್ಸೆಂಟ್ ಆಗುವಾಗ ಅವನು ಸ್ಕ್ರೂಡ್ರೈವರ್ ಬೀಳಿಸಿದ. ಅದು ಉರುಳಿಹೋಗುವುದನ್ನು ಸುಮ್ಮನೆ ನೋಡಿದ. ಎಂಬತ್ತು ಆಗುವಾಗ ನಡುಕ ನಿಂತಿತು. ಅಬ್ಬ, ಮೈ ಬೆಚ್ಚಗಾಯಿತು ಅಂದುಕೊಂಡೆ. ನಡುಗಲೂ ಶಕ್ತಿ ಇಲ್ಲದಾಗ ನಡುಕ ನಿಲ್ಲುತ್ತದೆಂದು ತಿಳಿಯದಷ್ಟು ದಡ್ಡ ನಾನು.

“ಅಣ್ಣಾರ, ಸೆಕಿ ಆಗಾಕತ್ತೈತಿ” ಎಂದ. ನಾಲಗೆ ತೊದಲುತ್ತಿತ್ತು. ಕೋಟಿನ ಜಿಪ್ಪನ್ನು ಬಿಚ್ಚಲು ತಡಕಾಡುತ್ತಿದ್ದ. ಮುಖದಲ್ಲಿ ನಗು ಇತ್ತು. ಆ ನಗುವನ್ನು ನಾನು ಇವತ್ತೂ ನೆನೆಯಲು ಇಷ್ಟಪಡುವುದಿಲ್ಲ.

ಗೈಡ್ ಒಂದೇ ಹೆಜ್ಜೆಗೆ ಬಂದು ಅವನ ಗಲ್ಲ ಹಿಡಿದೆತ್ತಿ ಕಣ್ಣು ನೋಡಿದರು. ಕುತ್ತಿಗೆಯ ಬಳಿ ಬೆರಳು ತೂರಿಸಿ, ಕೋಟು, ಜಾಕೆಟ್ಟು, ಫ್ಲೀಸು, ಒಳಂಗಿ ಎಲ್ಲ ಸರಿಸಿ, ಒಳಗಿನ ಬಿಳಿ ಪಟ್ಟಿಯೊಂದನ್ನು ಹೊರಗೆಳೆದರು. ಒದ್ದೆ ಬನಿಯನ್. ಎಳೆದ ತುದಿ ನಮ್ಮ ಕಣ್ಣೆದುರೇ ಬಿರುಸಾಯಿತು.

“ಇದೇನು?” ಎಂದು ಕೇಳಿದರು. ಅವನನ್ನಲ್ಲ, ನನ್ನನ್ನು.

ನಾನು ಪರದೆಯ ಕಡೆ ನೋಡಿದೆ. ತೊಂಬತ್ತೊಂದು.

“ಇನ್ನು ಎರಡು ನಿಮಿಷ ಕೊಡಿ” ಎಂದೆ.

“ಒದ್ದೆ ಬಟ್ಟೆ ಈಗ ಬಿಚ್ಚದಿದ್ದರೆ ಇವನು ಕೆಳಗೆ ನಡೆಯುವುದಿಲ್ಲ. ನಾವಿಬ್ಬರು ಹೊರಲು ಆಗುವುದಿಲ್ಲ. ಬಿಚ್ಚಲು ನಿಮ್ಮ ಎರಡೂ ಕೈ ಬೇಕು. ಪೆಟ್ಟಿಗೆಯೋ, ಇವನೋ?”

ತೊಂಬತ್ತೆರಡು. ಮೂರು ತಿಂಗಳ ಕೆಲಸ, ಕಂಪನಿಯ ಮಾನ, ಕೆಳಗಿನ ರಸ್ತೆ, ಎಲ್ಲ ಆ ನೀಲಿ ಗೆರೆಯಲ್ಲಿತ್ತು. ಕೈಗೆ ಬಂದ ತುತ್ತು. ನಾಚಿಕೆಯಿಂದ ಹೇಳುತ್ತೇನೆ, ನಾನು ಯೋಚಿಸಿದೆ. ಎಷ್ಟು ಹೊತ್ತು ಗೊತ್ತಿಲ್ಲ, ತೊಂಬತ್ಮೂರು ಆಗುವಷ್ಟು. ಆಮೇಲೆ ಕೇಬಲ್ ಹಿಡಿದು ಕಿತ್ತೆ. ಪೆಟ್ಟಿಗೆಯ ಹಸಿರು ದೀಪ ಆರಿತು.

“ಸುಳ್ಳು ಹೇಳುವ ಪೆಟ್ಟಿಗೆಗಿಂತ ಸತ್ತದ್ದು ವಾಸಿ. ಅಂಕಿಯೇ ಬರದಿದ್ದರೆ ರಸ್ತೆ ಮುಚ್ಚುತ್ತಾರೆ” ಎಂದ ಗೈಡ್ ಆಗಲೇ ಸಲಿಕೆ ತೆಗೆದು ಏಣಿನ ಮರೆಯ ಕಡೆ ಹಿಮ ಅಗೆಯುತ್ತಿದ್ದರು.

ಮೊಣಕಾಲುದ್ದ ಗುಂಡಿಯಾಯಿತು. ಅದರಲ್ಲಿ ಬಯಲಲ್ಲಿ ಸಿಕ್ಕಿಬಿದ್ದವರು ಒಳಗೆ ನುಸುಳುವ, ಇಬ್ಬರು ಹಿಡಿಸುವ ಕಿತ್ತಳೆ ಬಣ್ಣದ ಬಿವಾಕ್ ಚೀಲ ಹಾಸಿ, ಅವನನ್ನು ಒಳಗೆ ತಳ್ಳಿ, ನನ್ನನ್ನೂ ತಳ್ಳಿದರು. ಚೀಲ ಹಾರಿಹೋಗದಂತೆ ಅದರ ಬಾಯಿಯ ಮೇಲೆ ತಾವು ಕೂತರು. “ಸೊಂಟದ ಮೇಲಿನದೆಲ್ಲ ಬಿಚ್ಚು. ಒಣಗಿದ್ದು ಹಾಕು. ಮೆಲ್ಲಗೆ. ಎಳೆದಾಡಿದರೆ ಹೃದಯ ನಿಂತೀತು.”

ಮೆಲ್ಲಗೆ ಅಂತೆ. ಒಳಗೆ ಕೂತವನು ಅವನಾಗಿ ಉಳಿದಿರಲಿಲ್ಲ. ಕೋಟು, ಜಾಕೆಟ್ಟು ಬಿಡಿಸುವವರೆಗೆ ಸುಮ್ಮನಿದ್ದ. ಎದೆಯ ಬೀಕನ್ ಪಟ್ಟಿಗೆ ಕೈ ಹಾಕಿದ ಕೂಡಲೇ ಕೆರಳಿದ. ಮೊಣಕೈ ಬೀಸಿ ನನ್ನ ಬಾಯಿಗೆ ಹೊಡೆದ. ಹಲ್ಲು ತುಟಿಗೆ ನಾಟಿತು. ಕ್ರಾಂಪಾನ್ ಕಟ್ಟಿದ ಕಾಲಿನಿಂದ ಒದ್ದು ಚೀಲವನ್ನೂ ನನ್ನ ಪ್ಯಾಂಟನ್ನೂ ಹರಿದ. ಹರಿದಲ್ಲಿಂದ ಗಾಳಿ ಚಾಕುವಿನಂತೆ ನುಗ್ಗಿತು. ಫ್ಲೀಸು, ಒಳಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆಯುವಷ್ಟರಲ್ಲಿ “ಬಿಡ್ರಿ ನನ್ನ, ಬಿಡ್ರಿ” ಎಂದು ಅರಚುತ್ತ ಬನಿಯನ್ನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದ. ನಾನು ಅವನ ತೊಡೆಯ ಮೇಲೆ ಕೂತೆ. ಒಂದು ಕೈ ಬಿಡಿಸಿದರೆ ಇನ್ನೊಂದು ಕೈ ನನ್ನ ಗಂಟಲಿಗೆ ಬಂತು. ಆಗ ಹೊಡೆದೆ. ಕಪಾಳಕ್ಕೆ, ಪೂರ್ತಿ ಕೈಯಿಂದ. ಅವನು ಮತ್ತೆ ಗಂಟಲಿಗೆ ಬಂದ. ಇನ್ನೊಮ್ಮೆ ಹೊಡೆದೆ. “ಹೊಡೆಯಬೇಡ” ಎಂದು ಹೊರಗಿನಿಂದ ಗೈಡ್ ಕೂಗಿದರು. ಎರಡನೇ ಏಟಿಗೆ ಅವನ ಕೈ ಸಡಿಲವಾಯಿತು. ಗೈಡ್ ಒಳಗೆ ಚಾಚಿದ ಚಾಕುವಿನಿಂದ ಬನಿಯನ್ನನ್ನು ಕೆಳಗಿನಿಂದ ಕುತ್ತಿಗೆಯವರೆಗೆ ಸೀಳಿ ಕಿತ್ತೆಸೆದೆ. ಅದರಡಿಯ ಚರ್ಮ ಹಸಿ ಬದನೆಕಾಯಿಯಷ್ಟು ತಣ್ಣಗಿತ್ತು.

ನನ್ನ ಚೀಲದ ಒಣ ಒಳಂಗಿ, ಗೈಡ್ ಅವರ ಉಣ್ಣೆಯ ಸ್ವೆಟರು, ಅವನ ಫ್ಲೀಸ್ ಒದ್ದೆಯಾಗಿದ್ದರಿಂದ ನನ್ನ ಫ್ಲೀಸ್, ಅದರ ಮೇಲೆ ಎರಡೂ ಕೋಟು. ತಲೆಗೆ ನನ್ನ ಟೋಪಿ. ಅವನ ಬೆರಳುಗಳನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡೆ. ಬಲಗೈಯ ಉಂಗುರದ ಬೆರಳು, ಕಿರುಬೆರಳು ಮೇಣದಂತೆ ಬಿಳಿಯಾಗಿದ್ದವು. ಗೈಡ್ ಕೊಟ್ಟ ಬಿಸಿ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಹತ್ತು ನಿಮಿಷಕ್ಕೆ ನಡುಕ ಮರಳಿ ಬಂತು. ಆ ನಡುಕ ನೋಡಿ ಗೈಡ್ ಮೊದಲ ಸಲ ಉಸಿರು ಬಿಟ್ಟರು.

ಅವನ ಕಣ್ಣಿಗೆ ಕಳೆ ಬಂತು. ನನ್ನ ಮುಖದ ರಕ್ತ ನೋಡಿದ. ಸೀಳಿದ ಬನಿಯನ್ ನೋಡಿದ. ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದ: “ಅಣ್ಣಾರ, ಟಿಕ್ ನೀವs ಹಾಕೀರಲ್ಲ.”

ನಾನು ಮೂರನೇ ಸಲ ಹೊಡೆದೆ. ಮುಷ್ಟಿ ಕಟ್ಟಿ. ಅವನ ಕೆಳತುಟಿ ಒಡೆಯಿತು, ಮುಂದಿನ ಹಲ್ಲೊಂದು ಚೂರಾಯಿತು. ಅವನ ಎರಡೂ ಕೈ ನನ್ನ ಕಂಕುಳಲ್ಲಿದ್ದವು. ತಡೆಯುವ ಹಾಗೂ ಇರಲಿಲ್ಲ.

ಇಳಿದದ್ದನ್ನು ಉದ್ದ ಹೇಳುವುದಿಲ್ಲ. ಗೈಡ್ ಅವನನ್ನು ಗಿಡ್ಡ ಹಗ್ಗದಲ್ಲಿ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ನಾನು ಹಿಂದಿನಿಂದ ಚೀಲದ ಪಟ್ಟಿ ಹಿಡಿದು, ಬಿದ್ದಾಗೆಲ್ಲ ಎತ್ತುತ್ತ ಬಂದೆ. ಫ್ಲೀಸ್ ಕೊಟ್ಟುಬಿಟ್ಟಿದ್ದರಿಂದ ನನಗೇ ಹಲ್ಲು ಕಟಕಟ ಎನ್ನುತ್ತಿತ್ತು. ಅದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ. ಗೈಡ್ ವೈರ್‌ಲೆಸ್ಸಿನಲ್ಲಿ ಹೇಳಿದ್ದರಿಂದ ಬೆಟ್ಟದ ರಕ್ಷಣಾ ದಳದವರು ಕಾಡಿನ ಅಂಚಿಗೆ ಸ್ಲೆಡ್ ತಂದು ಕಾಯುತ್ತಿದ್ದರು. ಅವನನ್ನು ಅದರಲ್ಲಿ ಮಲಗಿಸಿ ಕಟ್ಟುವಾಗ ಒಬ್ಬರು ತುಟಿಯನ್ನು ನೋಡಿ ಏನಾಯಿತು ಎಂದು ಕೇಳಿದರು. “ಬಿದ್ದ” ಎಂದೆ. ಗೈಡ್ ನನ್ನನ್ನೊಮ್ಮೆ ನೋಡಿ ಹಗ್ಗ ಸುತ್ತತೊಡಗಿದರು.

ಮೂರನೇ ದಿನ ಆಸ್ಪತ್ರೆಗೆ ಅಪಘಾತದ ಫಾರ್ಮ್ ತೆಗೆದುಕೊಂಡು ಹೋದೆ. ಕಂಪನಿಯಿಂದ ವಿಮೆಯವರಿಗೆ ಹೋಗಬೇಕಾದದ್ದು. ಅವನ ಕೈಯಲ್ಲಿ ಬರೆಯಲು ಆಗುವುದಿಲ್ಲವೆಂದು ನಾನೇ ತುಂಬಿ ತಂದಿದ್ದೆ. ಕಾರಣ: ಹವಾಮಾನ ಅನಿರೀಕ್ಷಿತವಾಗಿ ಕೆಟ್ಟದ್ದು. ಮುಖದ ಗಾಯ: ಬಿದ್ದದ್ದು. ಎರಡು ಬೆರಳಿನ ತುದಿಗಳು ಕಪ್ಪಾಗಿ ಬ್ಯಾಂಡೇಜಿನಿಂದ ಇಣುಕುತ್ತಿದ್ದವು. ಉಳಿಯುತ್ತವೋ ಇಲ್ಲವೋ ಹೇಳಲು ಆರು ವಾರ ಕಾಯಬೇಕು ಎಂದಿದ್ದರು ಡಾಕ್ಟರು. ಕೀಬೋರ್ಡಿನ ಮೇಲೆ ಹೊಟ್ಟೆ ಹೊರೆಯುವವನ ಬೆರಳುಗಳು ಅವು.

ಓದಿ ಹೇಳಿದೆ. ಕೇಳಿಸಿಕೊಂಡ.

“ಮೊದಲ ಎರಡು ಯಾಕ ಅಂತ ಗೊತ್ತೈತ್ರಿ” ಎಂದ. “ಮೂರನೇದು ಯಾಕ್ರಿ?”

ಅವನಿಗೆ ನೆನಪಿರಲಿಕ್ಕಿಲ್ಲ ಎಂದು ಮೂರು ದಿನ ನಂಬಿಕೊಂಡಿದ್ದೆ.

“ನೀ ಖರೆ ಮಾತ ಹೇಳಿದಿ. ಅದಕ್ಕ” ಎಂದೆ.

“ಏನ್ ಹೇಳಿದ್ದೆ?”

“ಟಿಕ್ ಹಾಕಿದಾಂವ ನಾನು ಅಂತ. ನನ್ನ ಮ್ಯಾಲs ಸಿಟ್ಟು ಬಂತು.”

“ನಿಮ್ಮ ಮ್ಯಾಲ ಸಿಟ್ಟು ಬಂದ್ರ ನಿಮಗs ಹೊಡ್ಕೋಬೇಕಿತ್ತಲ್ರಿ.” ದನಿ ಏರಿಸಲಿಲ್ಲ. ಮುರಿದ ಹಲ್ಲಿನ ಸಂದಿಯಿಂದ ಮಾತು ಸೀಟಿಯಾಗಿ ಹೊರಬರುತ್ತಿತ್ತು. “ಟಿಕ್ ಹಾಕಿದ್ದನ್ನ ಆ ಫಾರ್ಮಿನ್ಯಾಗ ಬರೀರಿ.”

ಬರೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನೋಡದೆ ಸಹಿ ಹಾಕಿದವನೆಂದು ನನ್ನನ್ನು ಕಂಪನಿ ಮನೆಗೆ ಕಳಿಸಬಹುದು. ನೌಕರಿ ಹೋದರೆ ಅದಕ್ಕೆ ಕಟ್ಟಿದ ವೀಸಾ ಉಳಿಯುತ್ತದೆಯೇ ಎಂದು ವಿದೇಶಿಯರ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕು. ಬರೆಯದಿದ್ದರೆ ಬನಿಯನ್ ಹಾಕಿಕೊಂಡದ್ದು ಅವನದೇ ತಪ್ಪು, ಬೆರಳೂ ಅವನದೇ. ನಾನು ಪೆನ್ನು ತೆಗೆದು ಹವಾಮಾನವನ್ನು ಹೊಡೆದುಹಾಕಿದೆ. ಬಟ್ಟೆಯನ್ನು ನಾನು ಪರೀಕ್ಷಿಸಬೇಕಿತ್ತು, ಪರೀಕ್ಷಿಸಲಿಲ್ಲ, ಪರೀಕ್ಷಿಸಿದೆ ಎಂದು ಸಹಿ ಮಾಡಿದೆ, ಗೈಡ್ ಕೇಳಿದಾಗಲೂ ಸುಳ್ಳು ಹೇಳಿದೆ ಎಂದು ನನ್ನ ಹರಕು ಜರ್ಮನ್ನಿನಲ್ಲಿ ಬರೆದೆ. ಆಮೇಲೆ ಮುಖದ ಗಾಯದ ಸಾಲಿಗೆ ಪೆನ್ನು ತಂದೆ.

“ಅದು ಬ್ಯಾಡ” ಎಂದ. “ಅದು ಕಂಪನೀದಲ್ಲ. ಕೈ ನೆಟ್ಟಗಾಗ್ಲಿ, ಅದನ್ನ ನಾನು ನೋಡ್ಕೋತೇನಿ.”

ಕಂಪನಿ ನನ್ನನ್ನು ಕಳಿಸಲಿಲ್ಲ. ಎಚ್ಚರಿಕೆಯ ಪತ್ರ ಕೊಟ್ಟು, ಬೇರೆಯವರ ಕೆಲಸಕ್ಕೆ ಸಹಿ ಹಾಕುವ ಅಧಿಕಾರ ಕಿತ್ತುಕೊಂಡಿತು. ಆರು ವಾರದ ಮೇಲೆ ಅವನ ಎರಡೂ ಬೆರಳಿನ ತುದಿ ತೆಗೆದರು. ಎಂಟು ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಲಿತು ಅವನು ನನ್ನ ಎದುರಿನ ಮೇಜಿಗೇ ಮರಳಿ ಬಂದ. ಹಲ್ಲು ಕಟ್ಟಿಸಿಕೊಂಡ. ಈಗಲೂ ಅಣ್ಣಾರ ಎಂದೇ ಕರೆಯುತ್ತಾನೆ, ಹಬ್ಬಕ್ಕೆ ಊಟಕ್ಕೂ ಕರೆಯುತ್ತಾನೆ. ಅವನು ಯಾವುದಕ್ಕಾದರೂ ಕೈ ಎತ್ತಿದರೆ ನನ್ನ ಮುಖ ತಾನಾಗಿ ಹಿಂದೆ ಸರಿಯುತ್ತದೆ. ಇವತ್ತಿನವರೆಗೂ ಅವನು ಹೊಡೆದಿಲ್ಲ.